ವರ್ಷಗಟ್ಟಲೆಯಿಂದಿರುವ ಬೆನ್ನು, ಕೀಲು ನೋವು: ಔಷಧದ ಜೊತೆಗೆ ಮನೆಯಲ್ಲಿ ನೀವು ಏನು ಮಾಡಿಕೊಂಡಿದ್ದೀರಿ?

ಹೊಲಿಗೆ ಕೆಲಸದವರು, ದಾವಣಗೆರೆ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನನಗೆ 49 ವರ್ಷ. ಮನೆಯ ನಡುಮನೆಯಲ್ಲೇ ಯಂತ್ರ ಹಾಕಿಕೊಂಡು ಇಪ್ಪತ್ತೆರಡು ವರ್ಷಗಳಿಂದ ರವಿಕೆ ಹೊಲಿಯುತ್ತಿದ್ದೇನೆ. ನಾಲ್ಕು ವರ್ಷಗಳ ಹಿಂದೆ ಸೊಂಟದ ಎಡಭಾಗದಲ್ಲಿ ಶುರುವಾದ ನೋವು ಇಂದಿಗೂ ಬಿಟ್ಟುಹೋಗಿಲ್ಲ. ಮದುವೆಗಳ ಕಾಲದಲ್ಲಿ ಅದು ತೊಡೆಯ ಹಿಂಭಾಗದವರೆಗೂ ಎಳೆಯುತ್ತದೆ, ಆಷಾಢದಲ್ಲಿ ಕೆಲಸ ಕಡಿಮೆಯಾದಾಗ ತುಸು ತಗ್ಗುತ್ತದೆ. ಎಂಆರ್‌ಐ ವರದಿಯಲ್ಲಿ ಎರಡು ಕಡೆ ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಸವೆದಿದೆ ಎಂದು ಬರೆದಿದ್ದರು. ಶಸ್ತ್ರಚಿಕಿತ್ಸೆ ಬೇಕಿಲ್ಲ ಎಂದು ವೈದ್ಯರು ಹೇಳಿದಾಗ ಸಮಾಧಾನವಾಯಿತಾದರೂ, ಆ ‘ಸವೆದಿದೆ’ ಎಂಬ ಮಾತು ಮನಸ್ಸಿನಲ್ಲಿ ಕೂತುಬಿಟ್ಟು, ತುಂಬಿದ ಬಿಂದಿಗೆ ಎತ್ತುವುದಕ್ಕೂ ಹೆದರುವಂತಾಗಿದ್ದೇನೆ.

ನೋವಿನ ಮಾತ್ರೆಯನ್ನು ಮೊದಮೊದಲು ತಿಂಗಳಿಗೆ ನಾಲ್ಕೈದು ನುಂಗುತ್ತಿದ್ದವಳು ಈಗ ಹೆಚ್ಚುಕಡಿಮೆ ದಿನವೂ ನುಂಗುತ್ತಿದ್ದೇನೆ. ಹೊಟ್ಟೆ ಉರಿಯುತ್ತದೆ. ಹೀಗೆಯೇ ಮುಂದುವರಿದರೆ ಮೂತ್ರಪಿಂಡಕ್ಕೂ ತೊಂದರೆಯಾಗಬಹುದೆಂದು ವೈದ್ಯರು ಎಚ್ಚರಿಸಿದ್ದಾರೆ. ರಾತ್ರಿ ಅಡುಗೆ ಮುಗಿದ ಮೇಲೆ ದೋಸೆ ಹಂಚಿನಲ್ಲಿ ಎರಡು ಹಿಡಿ ಹರಳುಪ್ಪು ಹುರಿದು, ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ, ಮೊದಲು ಮುಂಗೈಗೆ ಮುಟ್ಟಿಸಿ ನೋಡಿ, ಆಮೇಲೆ ಸೊಂಟಕ್ಕೆ ಒತ್ತಿಕೊಳ್ಳುತ್ತೇನೆ. ಆ ಉಪ್ಪಿನ ಬಿಸಿ ಆರುವವರೆಗಿನ ಹತ್ತು ಹನ್ನೆರಡು ನಿಮಿಷ ಮಾತ್ರ ನನ್ನ ದಿನದಲ್ಲಿ ನೋವು ಮರೆತಿರುವ ಹೊತ್ತು.

ನೋವನ್ನು ಬುಡಸಮೇತ ಕಿತ್ತುಹಾಕುವ ಔಷಧ ಯಾವುದೆಂದು ನಾನು ಕೇಳುತ್ತಿಲ್ಲ. ನೋವಿನೊಂದಿಗೇ ದುಡಿದು ಬದುಕುತ್ತಿರುವವರು ಏನನ್ನು ಮಾಡಿ, ಏನನ್ನು ಬಿಟ್ಟು ದಿನ ಸಾಗಿಸುತ್ತಿದ್ದೀರಿ ಎಂಬುದನ್ನು ವಿವರವಾಗಿ ಬರೆದರೆ ನನ್ನಂಥ ಹಲವರಿಗೆ ಉಪಕಾರವಾಗುತ್ತದೆ.

ಫಿಸಿಯೋಥೆರಪಿಸ್ಟ್, ದಾವಣಗೆರೆ

ಮೇಡಂ, ನಿಮ್ಮ ಬರಹದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬಿಂದಿಗೆಯ ಹೆದರಿಕೆ, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಬೆನ್ನುನೋವೇ ಇಲ್ಲದವರ ಸ್ಕ್ಯಾನುಗಳನ್ನು ನೋಡಿದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಪರಾಮರ್ಶೆಯೊಂದು 2015ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ, ಯಾವ ನೋವೂ ಇಲ್ಲದೆ ಓಡಾಡಿಕೊಂಡಿರುವ ನಲವತ್ತರ ವಯಸ್ಸಿನವರಲ್ಲೇ ಶೇಕಡ 68ರಷ್ಟು ಮಂದಿಗೆ ಡಿಸ್ಕ್ ಸವೆತ ಇರುತ್ತದೆ. ಹಾಗಾಗಿ ನಿಮ್ಮ ವರದಿಯ ಆ ಸಾಲು ನಿಮ್ಮ ವಯಸ್ಸನ್ನು ಹೇಳುತ್ತಿದೆಯೇ ಹೊರತು, ಬೆನ್ನು ಮುರಿದುಬೀಳುವ ಸ್ಥಿತಿಯಲ್ಲಿದೆ ಎಂದು ಹೇಳುತ್ತಿಲ್ಲ.

ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿದ ನೋವನ್ನು ದೀರ್ಘಕಾಲದ ನೋವು ಎನ್ನುತ್ತೇವೆ. ಅಷ್ಟು ಹೊತ್ತಿಗೆ ಮೊದಲಿನ ಪೆಟ್ಟು ಬಹುಮಟ್ಟಿಗೆ ಮಾಗಿರುತ್ತದೆ, ಆದರೆ ನರಮಂಡಲ ಮಾತ್ರ ಎಚ್ಚರ ತಪ್ಪದೆ ಕೂತಿರುತ್ತದೆ. ಹಂದಿ ಬಂದಾಗ ತಮಟೆ ಬಾರಿಸಬೇಕಾದ ಹೊಲ ಕಾಯುವವನು ಎಲೆ ಅಲುಗಿದರೂ ಬಾರಿಸತೊಡಗಿದಂತೆ ಅದು. ತಮಟೆಯ ಸದ್ದು ಸುಳ್ಳಲ್ಲ, ನೀವು ಅನುಭವಿಸುತ್ತಿರುವ ನೋವೂ ಸುಳ್ಳಲ್ಲ. ಆದರೆ ಸದ್ದು ಕೇಳಿದಾಗಲೆಲ್ಲ ಹೊಲದಲ್ಲಿ ಹಂದಿ ಇದೆ ಎಂದು ತಿಳಿಯಬೇಕಿಲ್ಲ. ಉಪ್ಪಿನ ಕಾವಿನಿಂದ ಸಿಗುವ ಆರಾಮಕ್ಕೂ ಕಾರಣವಿದೆ. ಬಿಸಿಯಿಂದ ಬಿಗಿದ ಸ್ನಾಯು ಸಡಿಲಗೊಳ್ಳುತ್ತದೆ. ಜೊತೆಗೆ, 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ಇಬ್ಬರು ವಿಜ್ಞಾನಿಗಳು ವಿವರಿಸಿದಂತೆ, ಒತ್ತುವ, ಉಜ್ಜುವ ಸ್ಪರ್ಶದ ಸಂದೇಶಗಳು ಬೆನ್ನುಹುರಿಯ ಬಾಗಿಲಲ್ಲೇ ನೋವಿನ ಸಂದೇಶವನ್ನು ಸ್ವಲ್ಪ ಹೊತ್ತು ತಡೆದು ನಿಲ್ಲಿಸುತ್ತವೆ. ಎಡವಿ ಬಿದ್ದ ಮಗು ಮಂಡಿ ಉಜ್ಜಿಕೊಳ್ಳುವುದು ಇದೇ ಕಾರಣಕ್ಕೆ. ಕಾವನ್ನು ಬಿಡಬೇಡಿ, ಆದರೆ ಆ ಹತ್ತು ನಿಮಿಷಗಳ ಆರಾಮವನ್ನು ಮಲಗುವುದಕ್ಕೆ ಮಾತ್ರ ಬಳಸದೆ, ಆಗಲೇ ನಾಲ್ಕು ಸಲ ಮೆಲ್ಲಗೆ ಮಂಡಿಯನ್ನು ಎದೆಯ ಕಡೆಗೆ ಎಳೆದುಕೊಳ್ಳಲು, ಬೆಕ್ಕಿನಂತೆ ಬೆನ್ನು ಬಾಗಿಸಿ ಎತ್ತಲು ಬಳಸಿಕೊಳ್ಳಿ.

ನಿಮ್ಮ ಕೆಲಸದ ವಿಷಯಕ್ಕೆ ಬರೋಣ. ನೋವು ಕಡಿಮೆ ಇದ್ದ ದಿನ ಐದು ರವಿಕೆ ಮುಗಿಸಿ, ಮರುದಿನ ಏಳಲಾರದೆ ಮಲಗಿ, ಮೂರನೆಯ ದಿನ ಬಾಕಿ ಕೆಲಸಕ್ಕಾಗಿ ಮತ್ತೆ ಐದು ಗಂಟೆ ಕೂರುವುದು ನನ್ನ ಬಳಿ ಬರುವ ಬಹುತೇಕರ ದಿನಚರಿ. ಇದನ್ನು ಮುರಿಯಲು ಕೆಲಸವನ್ನು ನೋವಿನಿಂದ ಅಳೆಯುವುದನ್ನು ನಿಲ್ಲಿಸಿ ಗಡಿಯಾರದಿಂದ ಅಳೆಯಬೇಕು. ಮೂರು ದಿನ, ಯಂತ್ರದ ಮುಂದೆ ಕೂತು ಎಷ್ಟು ನಿಮಿಷಕ್ಕೆ ನೋವು ಏರುತ್ತದೆ ಎಂದು ಬರೆದಿಡಿ. ಒಂದು ದಿನ 25, ಇನ್ನೊಂದು ದಿನ 35, ಮತ್ತೊಂದು ದಿನ 30 ಎಂದಾದರೆ ಸರಾಸರಿ 30. ಅದರಲ್ಲಿ ಐದನೆಯ ಒಂದು ಪಾಲು ಕಳೆದರೆ 24. ಆ 24 ನಿಮಿಷಕ್ಕೆ ಮೊಬೈಲಿನಲ್ಲಿ ಅಲಾರಂ ಇಟ್ಟು, ನೋವು ಇರಲಿ ಇಲ್ಲದಿರಲಿ, ಹೊಲಿಗೆ ಅರ್ಧಕ್ಕೆ ನಿಂತರೂ ಸರಿ, ಎದ್ದು ಎರಡು ಮೂರು ನಿಮಿಷ ನಡೆದಾಡಿ. ನೋವಿಲ್ಲದ ದಿನ ಏಳುವುದೇ ಇದರಲ್ಲಿ ಕಷ್ಟದ ಭಾಗ, ಅದನ್ನೇ ಎಲ್ಲರೂ ತಪ್ಪಿಸುತ್ತಾರೆ. ವಾರಕ್ಕೊಮ್ಮೆ ಒಂದೆರಡು ನಿಮಿಷ ಹೆಚ್ಚಿಸಿ. ಬಿಂದಿಗೆಗೂ ಇದೇ ಲೆಕ್ಕ: ಎರಡು ಲೀಟರ್ ನೀರಿನಿಂದ ಆರಂಭಿಸಿ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಮೂತ್ರ ಅಥವಾ ಮಲದ ಮೇಲೆ ಹಿಡಿತ ತಪ್ಪಿದರೆ, ಕೂರುವ ಭಾಗ ಮರಗಟ್ಟಿದರೆ, ಕಾಲಿನ ಬಲ ಕುಂದುತ್ತಾ ಹೋದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನೋವಿನ ಜೊತೆ ಜ್ವರವಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ ಮನೆಮದ್ದು ಎಂದು ಒಂದು ವಾರವನ್ನೂ ಕಳೆಯಬಾರದು.

ಓದುಗರು, ಹರಿಹರ

ಸೊಂಟದ ಪಟ್ಟಿ ಕಟ್ಟಿಕೊಳ್ಳಬಹುದೇ? ನಾನು ಎರಡು ವರ್ಷಗಳಿಂದ ಕಟ್ಟುತ್ತಿದ್ದೇನೆ.

ಫಿಸಿಯೋಥೆರಪಿಸ್ಟ್, ದಾವಣಗೆರೆ

ದೀರ್ಘಕಾಲದ ಸೊಂಟನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ರೋಗಿಗೆ ತಿಳಿವಳಿಕೆ, ವ್ಯಾಯಾಮ, ಮಸಾಜಿನಂಥ ಕೆಲವು ಕೈಚಿಕಿತ್ಸೆಗಳು ಮತ್ತು ಮನಶ್ಶಾಸ್ತ್ರೀಯ ನೆರವು ಅದರ ಶಿಫಾರಸುಗಳಲ್ಲಿವೆ. ಪಟ್ಟಿ, ಬೆಲ್ಟು ಮತ್ತು ತೂಕ ಕಟ್ಟಿ ಎಳೆಯುವ ಟ್ರ್ಯಾಕ್ಷನ್ ವಾಡಿಕೆಯಾಗಿ ಬೇಡ ಎಂದು ಅದು ಹೇಳುತ್ತದೆ. ನಿಮ್ಮ ವೈದ್ಯರು ನಿರ್ದಿಷ್ಟ ಕಾರಣಕ್ಕೆ ಕೊಟ್ಟಿದ್ದರೆ ಅವರನ್ನು ಕೇಳಿ. ಹಾಗಿಲ್ಲದಿದ್ದರೆ ದಿನಕ್ಕೆ ಒಂದು ಗಂಟೆಯಂತೆ ಕಡಿಮೆ ಮಾಡುತ್ತಾ, ಅದೇ ಹೊತ್ತಿನಲ್ಲಿ ನಡಿಗೆಯನ್ನು ಹೆಚ್ಚಿಸುತ್ತಾ ಬನ್ನಿ.

ಕೃಷಿಕರು, ಮೊಳಕಾಲ್ಮೂರು ತಾಲ್ಲೂಕು

ಅಕ್ಕನವರೇ, ನಿಮ್ಮದು ಹೊಲಿಗೆಯಿಂದ ಬಂದ ನೋವು. ನಮ್ಮ ಸೀಮೆಯ ನೋವಿಗೆ ಇನ್ನೊಂದು ಕಾರಣವಿದ್ದು, ಅದನ್ನು ತಿಳಿಯದೆ ನಾವು ಬಹಳ ವರ್ಷ ಕಳೆದುಕೊಂಡೆವು. ನಮ್ಮ ತಂದೆಯವರಿಗೆ ಐವತ್ತೈದರ ಹೊತ್ತಿಗೆ ಕುತ್ತಿಗೆ ಬಿಗಿಯತೊಡಗಿತು. ಹಿಂದಿನಿಂದ ಯಾರಾದರೂ ಕೂಗಿದರೆ ಎತ್ತಿನಂತೆ ಇಡೀ ಮೈಯನ್ನೇ ತಿರುಗಿಸಬೇಕಾಗುತ್ತಿತ್ತು. ದೇವರ ಮುಂದೆ ಬಾಗಿ ಹಣೆ ಮುಟ್ಟಿಸುವುದು ನಿಂತುಹೋಯಿತು. ವಾಯು ಎಂದು ತಿಳಿದು ಎಣ್ಣೆ ತಿಕ್ಕಿಸಿದೆವು, ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿದೆವು, ಊರೂರು ಸುತ್ತಿದೆವು. ಕೊನೆಗೆ ಒಬ್ಬ ವೈದ್ಯರು ಮುಂಗೈಯ ಎಕ್ಸ್‌ರೇ ತೆಗೆಸಿ, ಅದನ್ನು ಬೆಳಕಿಗೆ ಹಿಡಿದು, “ಎಷ್ಟು ವರ್ಷದಿಂದ ಈ ಬೋರ್‌ವೆಲ್ ನೀರು ಕುಡಿಯುತ್ತಿದ್ದೀರಿ?” ಎಂದು ಕೇಳಿದರು. ಮುಂಗೈಯ ಎರಡು ಎಲುಬುಗಳ ನಡುವಿನ ಪೊರೆ ಸುಣ್ಣಗಟ್ಟಿದ್ದನ್ನು ಅವರು ಬೆರಳಿಟ್ಟು ತೋರಿಸಿದರು. ಅದು ಮೂಳೆಗೆ ಹತ್ತಿದ ಫ್ಲೋರೋಸಿಸ್, ಅಂದರೆ ನೀರಿನಲ್ಲಿನ ಫ್ಲೋರೈಡ್ ಹೆಚ್ಚಾಗಿ ಬರುವ ಕಾಯಿಲೆ ಆಗಿತ್ತು.

ಚಿತ್ರದುರ್ಗ ಜಿಲ್ಲೆಯ ಹಲವು ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಾಗಿದೆ. ಬಂಡೆಯೊಳಗಿನ ಖನಿಜದಿಂದ ಅದು ನೀರಿಗೆ ಇಳಿಯುವುದರಿಂದ, ಬೇರೆ ನೀರಿನ ಮೂಲವಿಲ್ಲದೆ ಆಳದ ಬೋರ್‌ವೆಲ್ಲನ್ನೇ ನಂಬಿರುವ ಊರುಗಳಿಗೆ ಇದರ ಹೊಡೆತ ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಊರಿನ ಮಕ್ಕಳ ಮುಂದಿನ ಹಲ್ಲುಗಳಲ್ಲಿ ಕಂದು ಗೆರೆಗಳು ಕಂಡರೆ ಅದು ಮೊದಲ ಸುಳಿವು. ದೊಡ್ಡವರಲ್ಲಿ ಅದೇ ನೀರು ವರ್ಷಗಳ ನಂತರ ಬೆನ್ನು, ಕುತ್ತಿಗೆ, ಸೊಂಟದ ಬಿಗಿತವಾಗಿ ಕಾಣಿಸಿಕೊಳ್ಳುತ್ತದೆ. ನಾವು ಮಾಡಿದ ದೊಡ್ಡ ತಪ್ಪೆಂದರೆ ನೀರನ್ನು ಕುದಿಸಿ ಕುಡಿದದ್ದು. ಕುದಿಸಿದರೆ ಕ್ರಿಮಿಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಈಗ ಕುಡಿಯುವುದಕ್ಕಷ್ಟೇ ಅಲ್ಲದೆ ಅನ್ನ, ಸಾರು, ಮುದ್ದೆಗೂ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೇ ತರುತ್ತೇವೆ. ಬಹಳ ಮನೆಗಳಲ್ಲಿ ಕುಡಿಯಲು ಘಟಕದ ನೀರು, ಅಡುಗೆಗೆ ಮಾತ್ರ ಹಳೆಯ ನೀರು. ಅದರಿಂದ ಅರ್ಧ ಲಾಭವೂ ಆಗದು. ಚಹಾ ಸೊಪ್ಪಿನಲ್ಲೂ ಫ್ಲೋರೈಡ್ ಇರುವುದರಿಂದ ತಂದೆಯವರ ಆರು ಲೋಟ ಚಹಾ ಎರಡಕ್ಕೆ ಇಳಿಯಿತು. ಹಾಲು, ರಾಗಿ, ನುಗ್ಗೆಸೊಪ್ಪು, ನೆಲ್ಲಿಕಾಯಿ ಊಟದಲ್ಲಿ ಹೆಚ್ಚಿದವು.

ಆದ ಬಿಗಿತ ಹಿಂದಕ್ಕೆ ಹೋಗಲಿಲ್ಲ, ಹೋಗುವುದಿಲ್ಲ ಎಂದು ವೈದ್ಯರೂ ಹೇಳಿದ್ದರು. ಆದರೆ ನೀರು ಬದಲಿಸಿದ ಮೇಲೆ ನೋವು ಏರುವುದು ನಿಂತಿದೆ, ತಂದೆಯವರು ದಿನವೂ ಕೆರೆ ಏರಿಯವರೆಗೆ ನಡೆಯುತ್ತಾರೆ. ನಮ್ಮ ಭಾಗದಲ್ಲಿ ಒಂದೇ ಮನೆಯ ಮೂರು ನಾಲ್ಕು ಜನರಿಗೆ ಕೀಲು ನೋವಿದ್ದರೆ ಎಣ್ಣೆ, ಲೇಪಗಳಿಗೆ ಹಣ ಸುರಿಯುವ ಮೊದಲು ದಯವಿಟ್ಟು ನೀರನ್ನು ಪರೀಕ್ಷೆ ಮಾಡಿಸಿ.

ಆಯುರ್ವೇದ ವೈದ್ಯೆ, ಚಿತ್ರದುರ್ಗ

ಮೇಲಿನ ಸಹೋದರರ ಮಾತು ಚಿನ್ನದಂಥದ್ದು. ಕಾರಣ ಹುಡುಕದೆ ಎಣ್ಣೆ ಹಚ್ಚುವುದನ್ನು ನಮ್ಮ ಶಾಸ್ತ್ರವೂ ಒಪ್ಪುವುದಿಲ್ಲ. ಕಾರಣವನ್ನು ತೊರೆಯುವುದೇ ಮೊದಲ ಚಿಕಿತ್ಸೆ ಎಂದು ಅದು ಹೇಳುತ್ತದೆ.

ಸೊಂಟನೋವಿಗೆ ನಾವು ಮಾಡುವ ಕಟಿಬಸ್ತಿಯಲ್ಲಿ ಉದ್ದಿನ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಬೆನ್ನಿನ ಮೇಲೆ ಬಳೆಯಂತೆ ಕಟ್ಟೆ ಕಟ್ಟಿ, ಒಳಗೆ ಉಗುರುಬೆಚ್ಚಗಿನ ತೈಲ ತುಂಬಿ, ಆರಿದಂತೆ ತೆಗೆದು ಮತ್ತೆ ಬೆಚ್ಚಗಿನದನ್ನು ಹಾಕುತ್ತಾ ಅರ್ಧ ಗಂಟೆ ಇರಿಸುತ್ತೇವೆ. ಇದರಿಂದ ಹಲವರಿಗೆ ಬಿಗಿತ ಸಡಿಲಗೊಂಡು ನಿದ್ದೆ ಬರುತ್ತದೆ. ಸವೆದ ಡಿಸ್ಕ್ ಮತ್ತೆ ಬೆಳೆಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮನೆಯಲ್ಲಿ ಮಾಡಿಕೊಳ್ಳುವುದಾದರೆ ಎಳ್ಳೆಣ್ಣೆ ಅಥವಾ ಹರಳೆಣ್ಣೆಯ ಅಭ್ಯಂಗ, ಲಕ್ಕಿ ಸೊಪ್ಪು ಹಾಕಿ ಕುದಿಸಿದ ನೀರಿನ ಶಾಖ ಸಾಕು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದಿರುವವರು ಯಾವ ಬಿಸಿಯನ್ನೂ ಕಾಲಿಗೆ ತಾಗಿಸಬಾರದು, ಸುಟ್ಟದ್ದೇ ಅವರಿಗೆ ತಿಳಿಯುವುದಿಲ್ಲ. ಎಕ್ಕದ ಎಲೆ ಕಿತ್ತ ಕೈಯನ್ನು ಸೋಪು ಹಚ್ಚಿ ತೊಳೆಯದೆ ಕಣ್ಣು ಮುಟ್ಟಬೇಡಿ, ಅದರ ಹಾಲು ಕಣ್ಣಿಗೆ ತೀವ್ರ ಹಾನಿ ಮಾಡುತ್ತದೆ.

ಅಡುಗೆಯ ಅರಿಶಿನದ ಬಗ್ಗೆ ಚಿಂತೆ ಬೇಡ. ಆದರೆ ಅದರ ಸಾರವನ್ನು ಕಾಳುಮೆಣಸಿನ ಸತ್ವದೊಂದಿಗೆ ಸೇರಿಸಿದ ಮಾತ್ರೆಗಳು ಬೇರೆಯೇ ವಸ್ತು. ಅವುಗಳಿಂದ ಕೆಲವರಿಗೆ ಯಕೃತ್ತಿಗೆ ಪೆಟ್ಟಾದದ್ದು ದಾಖಲಾಗಿದೆ, ರಕ್ತ ತೆಳುಮಾಡುವ ಔಷಧ ಸೇವಿಸುವವರಿಗೆ ರಕ್ತಸ್ರಾವದ ಅಪಾಯವೂ ಇದೆ. ಹೀಗಾಗಿ ನನ್ನ ಬಳಿ ಬರುವವರಿಗೆ ನಾನು ಕಡ್ಡಾಯವಾಗಿ ಹೇಳುವುದು, ತಾವು ನುಂಗುತ್ತಿರುವ ಎಲ್ಲ ಮಾತ್ರೆ, ಕಷಾಯ, ಚೂರ್ಣಗಳನ್ನು ಒಂದೇ ಚೀಲದಲ್ಲಿ ಹಾಕಿಕೊಂಡು ಬಂದು ತೋರಿಸಬೇಕು, ಅದೇ ಚೀಲವನ್ನು ಇಂಗ್ಲಿಷ್ ಔಷಧದ ವೈದ್ಯರಿಗೂ ತೋರಿಸಬೇಕು.

ಎಣ್ಣೆ ಮಿಲ್ಲಿನ ಕೆಲಸಗಾರರು, ಚಳ್ಳಕೆರೆ

ಡಾಕ್ಟರಮ್ಮ ಹೇಳಿದ ಚೀಲದಲ್ಲಿ ನಾನು ಮುಚ್ಚಿಟ್ಟದ್ದು ಒಂದು ಪೊಟ್ಟಣ. ಮಂಡಿನೋವಿಗೆ ಯಾರೋ ಹೇಳಿದರೆಂದು, ಹೆಸರು, ವಿಳಾಸ ಏನೂ ಇಲ್ಲದ ಬೂದು ಬಣ್ಣದ ಪುಡಿಯನ್ನು ತರಿಸಿಕೊಂಡೆ. ಎರಡನೆಯ ದಿನಕ್ಕೇ ನೋವು ಮಾಯವಾಯಿತು, ಹಸಿವು ಹೆಚ್ಚಿತು, ಹತ್ತು ವರ್ಷ ಚಿಕ್ಕವನಾದಂತೆ ಮೂಟೆ ಹೊತ್ತೆ. ಎಂಟು ತಿಂಗಳು ತೆಗೆದುಕೊಂಡೆ. ಮುಖ ದುಂಡಗೆ ಊದಿತು, ತೋಳು ಸಣ್ಣಗಾಗಿ ಹೊಟ್ಟೆ ಬಂತು, ಚಿಕ್ಕ ತಾಗುವಿಕೆಗೂ ಚರ್ಮ ಕಪ್ಪಗಾಗುತ್ತಿತ್ತು, ಇಲ್ಲದ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತು. ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿರುವ ಲಕ್ಷಣಗಳಿವು ಎಂದು ವೈದ್ಯರು ಹೇಳಿದರು. ಹೆದರಿ ಒಮ್ಮೆಗೇ ನಿಲ್ಲಿಸಲು ಹೊರಟಿದ್ದೆ. ಹಾಗೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ, ಏಕೆಂದರೆ ದೇಹ ತಾನಾಗಿ ಮಾಡಿಕೊಳ್ಳುತ್ತಿದ್ದ ಸ್ಟೀರಾಯ್ಡನ್ನು ಅಷ್ಟರಲ್ಲಿ ನಿಲ್ಲಿಸಿಬಿಟ್ಟಿರುತ್ತದೆ ಎಂದು ತಿಳಿಸಿ, ಅವರು ಸರಿಯಾದ ಮಾತ್ರೆ ಕೊಟ್ಟು ತಿಂಗಳುಗಟ್ಟಲೆ ಮೆಲ್ಲಮೆಲ್ಲಗೆ ಇಳಿಸಿದರು. ಎರಡೇ ದಿನದಲ್ಲಿ ಹಳೆಯ ನೋವನ್ನು ಅಳಿಸುವ ಪುಡಿ ನಿಮ್ಮ ಮನೆಗೆ ಬಂದಿದ್ದರೆ ಅದನ್ನು ಮುಚ್ಚಿಡಬೇಡಿ, ನಾಳೆಯೇ ವೈದ್ಯರಿಗೆ ತೋರಿಸಿ.

ಈಗ ನನ್ನ ಮಂಡಿಗೆ ಮಾಡುತ್ತಿರುವುದು ಇಷ್ಟೇ: ಕುರ್ಚಿಯಲ್ಲಿ ಕೂತು ಕಾಲನ್ನು ನೇರ ಚಾಚಿ ಹತ್ತು ಎಣಿಸುವುದು, ಮತ್ತು ತೂಕ ಇಳಿಸುವುದು. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ನಾಲ್ಕು ಕಿಲೋ ಕಡಿಮೆಯಾಗುತ್ತದೆ ಎಂದು ತಿಳಿದ ದಿನದಿಂದ ರಾತ್ರಿಯ ಎರಡನೆಯ ಮುದ್ದೆಯನ್ನು ಬಿಟ್ಟಿದ್ದೇನೆ.

ಕಾಲೇಜು ವಿದ್ಯಾರ್ಥಿ, ದಾವಣಗೆರೆ

ನಮ್ಮ ತಾಯಿ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ. ಅಲಾರಂ ಹೊಡೆದಾಗ ಎದ್ದು ನಡೆಯಿರಿ ಎಂಬ ಸಲಹೆ ಓದಿದಾಗ ಬೇಸರವಾಯಿತು. ಒಲೆ ಉರಿಯುತ್ತಿರುವಾಗ, ಬಿಸಿ ಮರಳಿನಲ್ಲಿ ಅಕ್ಕಿ ಅರಳುತ್ತಿರುವಾಗ, ಎರಡು ನಿಮಿಷ ತಡವಾದರೆ ಎಲ್ಲವೂ ಸೀದುಹೋಗುತ್ತದೆ. ಭುಜದ ನೋವಿರುವ ಕೂಲಿಯವರು ಬಿಡುವನ್ನು ಎಲ್ಲಿಂದ ತರಬೇಕು?

ಫಿಸಿಯೋಥೆರಪಿಸ್ಟ್, ದಾವಣಗೆರೆ

ನಿಮ್ಮ ಬೇಸರ ನ್ಯಾಯವಾದದ್ದು. ನಾನು ಹೊಲಿಗೆಯವರ ಕೆಲಸವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೆ. ಕೆಲಸ ನಿಲ್ಲಿಸಲಾಗದವರು ಕೆಲಸವನ್ನು ಬದಲಿಸಿಕೊಳ್ಳಬೇಕು: ಒಂದು ಒಬ್ಬೆ ಹುರಿದವರು ಮುಂದಿನ ಒಬ್ಬೆಗೆ ಜರಡಿ ಹಿಡಿಯುವುದು, ಚೀಲ ತುಂಬುವುದು, ಹೀಗೆ ಇಬ್ಬರ ನಡುವೆ ಸರದಿ ಮಾಡಿಕೊಂಡರೆ ಒಂದೇ ಭುಜಕ್ಕೆ ದಿನವಿಡೀ ಒಂದೇ ಎಳೆತ ಬೀಳುವುದಿಲ್ಲ. ಹುರಿಯುವ ಸಲಕರಣೆಯ ಹಿಡಿಕೆ ಗೇಣುದ್ದ ಹೆಚ್ಚಿದ್ದರೂ ಬೆನ್ನು ಬಾಗುವುದು ಕಡಿಮೆಯಾಗುತ್ತದೆ. ಮಾಲೀಕರು ಒಪ್ಪಿದರೆ ಮಾತ್ರ ಇವು ಸಾಧ್ಯ ಎಂಬುದನ್ನು ನಾನು ಬಲ್ಲೆ, ಆದ್ದರಿಂದ ತಾಯಿಯವರನ್ನು ಒಂದು ಸಂಜೆ ಕರೆತನ್ನಿ ಎಂದು ಕೇಳುತ್ತೇನೆ. ಅವರು ಕೈಯಾಡಿಸುವ ರೀತಿಯನ್ನು ನೋಡದೆ ಇದಕ್ಕಿಂತ ಹೆಚ್ಚು ಹೇಳುವುದು ಸರಿಯಲ್ಲ.

ಗೃಹಿಣಿ, ಹಿರಿಯೂರು

ನನ್ನ ನೋವು ಯಾವ ಸ್ಕ್ಯಾನಿನಲ್ಲೂ ಕಾಣಲಿಲ್ಲ. ಮೈಯೆಲ್ಲ ನೋವು, ಬೆಳಿಗ್ಗೆ ಎದ್ದಾಗಲೇ ಸುಸ್ತು. ವರದಿಗಳೆಲ್ಲ ಸರಿಯಾಗಿವೆ ಎಂದ ಮೇಲೆ ಮನೆಯವರ ನೋಟವೇ ಬದಲಾಯಿತು. ಫೈಬ್ರೋಮಯಾಲ್ಜಿಯಾ ಎಂದು ಹೆಸರು ಸಿಗಲು ಐದು ವರ್ಷ ಬೇಕಾಯಿತು. ಹೆಸರು ಸಿಕ್ಕ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತದ್ದು ದುಃಖದಿಂದಲ್ಲ, ನಾನು ಸುಳ್ಳು ಹೇಳುತ್ತಿರಲಿಲ್ಲ ಎಂಬುದು ಸಾಬೀತಾದದ್ದಕ್ಕೆ.

ನನಗೆ ಹೆಚ್ಚು ಉಪಯೋಗವಾದದ್ದು ನಿದ್ದೆಯನ್ನು ಸರಿಪಡಿಸಿಕೊಂಡದ್ದು. ರಾತ್ರಿ ಎಷ್ಟು ಹೊತ್ತಿಗೆ ನಿದ್ದೆ ಬಂದರೂ ಬೆಳಿಗ್ಗೆ ಆರಕ್ಕೆ ಏಳುವುದು, ಮಧ್ಯಾಹ್ನ ಮೂರರ ನಂತರ ಕಾಫಿ ಬಿಡುವುದು, ಮಲಗುವ ಮುನ್ನ ಹತ್ತು ನಿಮಿಷ ನಾಲ್ಕೆಣಿಸುತ್ತಾ ಉಸಿರೆಳೆದು ಆರೆಣಿಸುತ್ತಾ ಬಿಡುವುದು. ಉಸಿರಿನ ಮೇಲೆ ಗಮನವಿಟ್ಟು, ನೋವು ಬಂದಾಗ ಅದರೊಂದಿಗೆ ಜಗಳವಾಡದೆ ಗಮನಿಸುವ ಅಭ್ಯಾಸವನ್ನು ಅಮೆರಿಕದ ಜಾನ್ ಕಬಾಟ್-ಜಿನ್ 1979ರಲ್ಲೇ ಆಸ್ಪತ್ರೆಯ ದೀರ್ಘಕಾಲದ ರೋಗಿಗಳಿಗೆ ಕಲಿಸಲು ಆರಂಭಿಸಿದರು ಎಂದು ನನ್ನ ವೈದ್ಯರು ತಿಳಿಸಿದಾಗ, ನಮ್ಮ ಅಜ್ಜಿ ಜಪಸರ ಹಿಡಿದು ಕೂರುತ್ತಿದ್ದ ಬೆಳಗಿನ ಜಾವ ನೆನಪಾಯಿತು. ಬದುಕೇ ಬೇಡ ಎನಿಸಿದ ಕಾಲವೂ ನನಗಿತ್ತು. ಹಾಗೆನಿಸಿದವರು 14416ಕ್ಕೆ ಕರೆ ಮಾಡಬಹುದು. ಅದು ಸರ್ಕಾರದ ಟೆಲಿಮಾನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲೇ ಮಾತನಾಡುತ್ತಾರೆ.

ಓದುಗರು, ಜಗಳೂರು

ಮೆಣಸಿನಕಾಯಿ ಅರೆದು ಹಚ್ಚಿದರೆ ನೋವು ಎಳೆಯುತ್ತದೆ ಎನ್ನುತ್ತಾರಲ್ಲ, ನಿಜವೇ?

ಔಷಧ ಅಂಗಡಿಯವರು, ದಾವಣಗೆರೆ

ಅರೆದು ಹಚ್ಚಬೇಡಿ, ಚರ್ಮ ಬೊಬ್ಬೆ ಬರುತ್ತದೆ. ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ಅಳತೆ ಮಾಡಿ ಬೆರೆಸಿದ ಮುಲಾಮಿನಲ್ಲಿ ಅದರ ಪ್ರಮಾಣ ಸಾಮಾನ್ಯವಾಗಿ ಶೇಕಡ 0.025 ಅಥವಾ 0.075 ಇರುತ್ತದೆ. ಮೊದಲ ದಿನಗಳಲ್ಲಿ ಉರಿಯುತ್ತದೆ, ದಿನಕ್ಕೆ ಮೂರು ನಾಲ್ಕು ಬಾರಿ ಕೆಲವು ವಾರ ಬಿಡದೆ ಹಚ್ಚಿದರೆ ಅಲ್ಲಿನ ನರತುದಿಗಳ ಸೂಕ್ಷ್ಮತೆ ತಗ್ಗುತ್ತದೆ. ಎರಡು ದಿನ ಹಚ್ಚಿ, ಉರಿಯಿತೆಂದು ಟ್ಯೂಬನ್ನು ಬಿಸಾಡಿದವರೇ ಹೆಚ್ಚು. ಗಾಯದ ಮೇಲೆ ಹಚ್ಚಬಾರದು, ಹಚ್ಚಿದ ಕೈಯನ್ನು ತೊಳೆಯಬೇಕು.

ಹೊಲಿಗೆ ಕೆಲಸದವರು, ದಾವಣಗೆರೆ (ಆರು ವಾರಗಳ ನಂತರ)

ಎಲ್ಲರಿಗೂ ಕೈಮುಗಿದು ವಂದನೆ. ಫಿಸಿಯೋ ಸರ್ ಹೇಳಿದಂತೆ ಮಗಳ ಹಳೆಯ ನೋಟುಬುಕ್ಕಿನಲ್ಲಿ ಲೆಕ್ಕ ಬರೆದೆ. ನನ್ನ ಮೊದಲ ಅಳತೆ 20 ನಿಮಿಷ ಬಂತು, ಈಗ 29ಕ್ಕೆ ಬಂದಿದ್ದೇನೆ. ಮೂರನೆಯ ವಾರ ನೋವೇ ಇಲ್ಲವೆಂದು ಅಲಾರಂ ನಿಲ್ಲಿಸಿ ಎರಡು ಗಂಟೆ ಒಂದೇ ಸಮನೆ ಕೂತು ಹೊಲಿದೆ. ಅದರ ನಂತರದ ಮೂರು ದಿನಗಳ ಪುಟಗಳಲ್ಲಿ ‘ಮಲಗಿದೆ’ ಎಂಬ ಒಂದೇ ಪದವಿದೆ. ವೈದ್ಯರಿಗೆ ತಿಳಿಸಿ, ಅವರು ಹೇಳಿದಂತೆ ಮಾತ್ರೆ ಇಳಿಸುತ್ತಾ ಈಗ ವಾರಕ್ಕೆ ಎರಡು ಅಥವಾ ಮೂರು ಮಾತ್ರ ನುಂಗುತ್ತಿದ್ದೇನೆ. ಬಿಂದಿಗೆಯಲ್ಲಿ ಎಂಟು ಲೀಟರ್ ನೀರು ಎತ್ತುತ್ತೇನೆ. ಪೆಡಲ್ ತುಳಿಯುವಾಗ ಎಡಗಾಲಿಗೇ ಭಾರ ಬೀಳುತ್ತಿತ್ತೆಂದು ತಿಳಿದು ಯಂತ್ರಕ್ಕೆ ಮೋಟಾರು ಹಾಕಿಸಿದೆ. ನೋವು ಇದೆ. ಮೊನ್ನೆ ಹದಿನಾಲ್ಕು ರವಿಕೆಗಳ ಮದುವೆ ಕೆಲಸ ಬಂದಾಗ ಎಂಟನ್ನು ಇಟ್ಟುಕೊಂಡು ಉಳಿದ ಆರನ್ನು ಹಿಂದಿನ ಬೀದಿಯ ತಂಗಿಗೆ ಕಳುಹಿಸಿದೆ, ನಾಲ್ಕು ವರ್ಷಗಳಲ್ಲಿ ಇದೇ ಮೊದಲು.

ಒಂದು ಪ್ರಶ್ನೆ ಉಳಿದಿದೆ ಸರ್. ಮುಂದಿನ ವಾರ ಅಣ್ಣನ ಮನೆಯಲ್ಲಿ ಮದುವೆ, ಎರಡು ದಿನ ಚಾಪೆಯ ಮೇಲೆ ಕೂತು ತರಕಾರಿ ಹೆಚ್ಚುವ ಕೆಲಸ ನನ್ನದು. ನೆಲದ ಮೇಲೆ ಕೂರಬಹುದೇ?

ಫಿಸಿಯೋಥೆರಪಿಸ್ಟ್, ದಾವಣಗೆರೆ

ಕೂರಬಹುದು ಮೇಡಂ. ಗೋಡೆಗೆ ಒರಗಿ, ಕೆಳಗೆ ಮಡಿಸಿದ ಕಂಬಳಿ ಹಾಕಿಕೊಂಡು, 20 ನಿಮಿಷಕ್ಕೊಮ್ಮೆ ಎದ್ದು ಹೆಚ್ಚಿದ ತರಕಾರಿಯ ಬುಟ್ಟಿಯನ್ನು ನೀವೇ ಅಡುಗೆಯವರಿಗೆ ತಲುಪಿಸಿ ಬನ್ನಿ. ಮಧ್ಯಾಹ್ನದ ನಂತರದ ಪಾಳಿಯನ್ನು ಇನ್ನೊಬ್ಬರಿಗೆ ಕೊಡುವಂತೆ ಅಣ್ಣನವರಿಗೆ ಇಂದೇ ಹೇಳಿಡಿ. ನೋಟುಬುಕ್ಕನ್ನು ಮದುವೆಗೂ ತೆಗೆದುಕೊಂಡು ಹೋಗಿ.